ಹಂಪೆಯಲ್ಲಿ ಕಂಡ ಕಡಲು

ಬಳ್ಳಾರಿ ಸೀಮೆಯವರಾದ ನಮಗೆ ಕಡಲೆಂಬುದು ಕೇಳಿ ತಿಳಿದ ವಸ್ತು. ಕಣ್ಣು ಬಿಟ್ಟರೆ ಬಂಡೆ, ಬಿಸಿಲು, ಎರೆಹೊಲ. ನೀರೆಂದರೆ ತುಂಗಭದ್ರೆ ಮತ್ತು ಅದರ ಕಾಲುವೆಗಳು, ಅಷ್ಟೆ. ಹೀಗಿರುವಾಗ, ಕಡಲಿನ ಮಹಿಮೆ ತಿಳಿಯಬೇಕಾದರೆ ಹಂಪೆಗೆ ಹೋಗಬೇಕು ಎಂದರೆ ನನ್ನ ಸಹಪಾಠಿಗಳು ನಕ್ಕಾರು. ನಗಲಿ. ಲೇಖನವನ್ನು ಕಡೆಯವರೆಗೆ ಓದಿ ಆಮೇಲೆ ನಗಲಿ ಎಂಬುದಷ್ಟೇ ನನ್ನ ಬಿನ್ನಹ.

ಕಳೆದ ಚಳಿಗಾಲದಲ್ಲಿ ಇತಿಹಾಸದ ವಿದ್ಯಾರ್ಥಿಗಳಾದ ನಾವು ಮೂವತ್ತು ಮಂದಿ ಇಬ್ಬರು ಅಧ್ಯಾಪಕರೊಡನೆ ಕುರುಗೋಡು, ಕಂಪ್ಲಿಗಳ ಮಾರ್ಗವಾಗಿ ಹೊರಟೆವು. ಸಿಂದ ಅರಸರ ರಾಜಧಾನಿಯಾಗಿದ್ದ ಕುರುಗೋಡಿನಲ್ಲಿ ಇಳಿದು, ಏಕಶಿಲೆಯ ದೊಡ್ಡಬಸವಣ್ಣನಿಗೆ ಕೈಮುಗಿದು, ಬಿಸಿಲೇರುವ ಮುನ್ನ ಕಮಲಾಪುರ ಸೇರಿದೆವು. ಹಂಪೆ ಈಗ ವಿಜಯನಗರ ಜಿಲ್ಲೆಗೆ ಸೇರಿದ್ದರೂ 2021ರವರೆಗೆ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಆದ್ದರಿಂದ ಅಲ್ಲಿ ನಾವು ಯಾರೂ ಪರಸ್ಥಳದವರಂತೆ ಕಾಲಿಡಲಿಲ್ಲ.

ನಮ್ಮ ಮಾರ್ಗದರ್ಶಿ ನಡುವಯಸ್ಸಿನವರು, ಕೈಯಲ್ಲೊಂದು ಬಿದಿರುಕೋಲು. "ರಾಜಧಾನಿಯನ್ನು ಕಾಲಿನಿಂದಲೇ ನೋಡಬೇಕು" ಎಂದು ಹೇಳಿ ಬಸ್ಸನ್ನು ಮರದ ನೆರಳಿಗೆ ಕಳಿಸಿಬಿಟ್ಟರು. ಮೊದಲು ಹಜಾರರಾಮನ ಗುಡಿ. ಅದರ ಪ್ರಾಕಾರದ ಹೊರಗೋಡೆಯ ಮೇಲೆ ಆನೆಗಳ ಸಾಲು, ಅದರ ಮೇಲೆ ಕುದುರೆಗಳ ಸಾಲು, ಮತ್ತೆ ಸೈನಿಕರು, ನರ್ತಕಿಯರು. ಅವರು ಕೋಲಿನ ತುದಿಯಿಂದ ಒಂದು ಕುದುರೆಯನ್ನು ತೋರಿಸಿ, "ಇದರ ತವರೂರು ಯಾವುದು, ಹೇಳಿ ನೋಡೋಣ?" ಎಂದರು. "ಹಂಪೆಯೇ" ಎಂದನೊಬ್ಬ ಗೆಳೆಯ. "ಅಲ್ಲ. ಆನೆಯನ್ನು ನಮ್ಮ ಕಾಡು ಕೊಟ್ಟಿತು. ಈ ಕುದುರೆಯನ್ನು ಕಡಲು ಕೊಟ್ಟಿತು" ಎಂದರು ಅವರು.

ಅಲ್ಲಿಂದ ಮಹಾನವಮಿ ದಿಬ್ಬಕ್ಕೆ ನಡೆಯುವಾಗ ಅವರು ಹೇಳಿದ್ದನ್ನು ನಮ್ಮ ಅಧ್ಯಾಪಕರು ಪೂರ್ಣಗೊಳಿಸಿದರು. ಸೈನ್ಯಕ್ಕೆ ಬೇಕಾದಂಥ ಎತ್ತರದ ಜಾತಿಯ ಕುದುರೆ ದಕ್ಷಿಣ ದೇಶದಲ್ಲಿ ಬೆಳೆಯುತ್ತಿರಲಿಲ್ಲ. ಅವು ಅರಬ್ ದೇಶದಿಂದಲೂ ಹೊರ್ಮುಜಿನಿಂದಲೂ ಹಡಗಿನಲ್ಲಿ ಭಟ್ಕಳ, ಹೊನ್ನಾವರ, ಗೋವೆಗಳ ರೇವಿಗೆ ಬಂದು, ಘಟ್ಟ ಹತ್ತಿ ಇಲ್ಲಿಗೆ ಬರಬೇಕಾಗಿತ್ತು. ಅವಿಲ್ಲದೆ ಬಹಮನಿ ಸುಲ್ತಾನರ ರಾವುತರ ಎದುರು ನಿಲ್ಲುವಂತಿರಲಿಲ್ಲ. ಸಾಳುವ ನರಸಿಂಹನ ಸಂಗತಿಯೊಂದನ್ನು ಪೋರ್ಚುಗೀಸನಾದ ನೂನಿಜ್ ಬರೆದಿಟ್ಟಿದ್ದಾನೆ. ಆ ಅರಸ ಸಾವಿರ ಪರ್ದಾವುಗಳಿಗೆ ಮೂರರಂತೆ ಕುದುರೆ ಕೊಳ್ಳುತ್ತಿದ್ದನಂತೆ. ಕಡಲಿನಲ್ಲಿ ಸತ್ತ ಕುದುರೆಯ ಬಾಲವನ್ನು ಮಾತ್ರ ತಂದು ತೋರಿಸಿದರೂ ಜೀವಂತ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನಂತೆ! ನಾವೆಲ್ಲ ನಕ್ಕೆವು. ಆದರೆ ಅಧ್ಯಾಪಕರು ನಗಲಿಲ್ಲ. "ಬಾಲಕ್ಕೆ ಹಣ ಕೊಟ್ಟವನು ದಡ್ಡನಲ್ಲ. ನಷ್ಟವನ್ನು ತಾನು ಹೊತ್ತರೆ ವ್ಯಾಪಾರಿ ಮತ್ತೆ ಹಡಗು ಹತ್ತುತ್ತಾನೆ ಎಂದು ಬಲ್ಲವನು" ಎಂದರು. 1510ರಲ್ಲಿ ಗೋವೆಯನ್ನು ಪೋರ್ಚುಗೀಸರು ಹಿಡಿದ ಮೇಲೆ ಕೃಷ್ಣದೇವರಾಯನಂಥವನೂ ಅವರೊಡನೆ ಸ್ನೇಹದಿಂದಿದ್ದುದಕ್ಕೆ ಈ ಕುದುರೆಗಳೂ ಒಂದು ಕಾರಣ.

ದಿಬ್ಬದ ಕೆಳಗಿನ ಪಟ್ಟಿಕೆಗಳಲ್ಲಿ ಈ ಮಾತಿಗೆ ಸಾಕ್ಷಿಯೂ ದೊರೆಯಿತು. ಚೂಪು ಟೊಪ್ಪಿಗೆಯ, ಗಡ್ಡದ ಪರದೇಶಿಯರು ಕುದುರೆ ಹಿಡಿದು ನಡೆಯುತ್ತಿದ್ದಾರೆ. 1443ರಲ್ಲಿ ಪಾರಸಿಕ ದೇಶದ ರಾಯಭಾರಿ ಅಬ್ದುರ್ ರಜಾಕ್ ಮಂಗಳೂರಿನಲ್ಲಿ ಹಡಗಿನಿಂದಿಳಿದು, ಘಟ್ಟ ಹತ್ತಿ ಈ ನಗರಕ್ಕೆ ಬಂದ. ಈ ರಾಜ್ಯದಲ್ಲಿ ಮುನ್ನೂರು ರೇವುಗಳಿವೆಯೆಂದು ಬರೆದ. ಲೆಕ್ಕದಲ್ಲಿ ಅತಿಶಯೋಕ್ತಿ ಇದ್ದೀತು. ಆದರೆ ಬಂಡೆಗಳ ನಡುವೆ ಕುಳಿತ ಅರಸರ ದೃಷ್ಟಿ ಸದಾ ಕಡಲಿನ ಮೇಲಿತ್ತೆಂಬುದು ಸುಳ್ಳಲ್ಲ.

ಆನೆಯ ಲಾಯದ ಹನ್ನೊಂದು ಕೋಣೆಗಳನ್ನು ನೋಡಿ, ಬುತ್ತಿ ಉಂಡು, ಮಧ್ಯಾಹ್ನ ವಿಠಲ ದೇವಾಲಯದ ಹಾದಿ ಹಿಡಿದೆವು. ದಾರಿಯಲ್ಲಿ ಕುದುರೆಗೊಂಬೆ ಮಂಟಪದ ಕಂಬಗಳ ಮೇಲೆ ಮತ್ತೆ ಕುದುರೆಗಳು! ಕಲ್ಲಿನ ರಥದ ಮುಂದೆ ಎಲ್ಲರೂ ಭಾವಚಿತ್ರ ತೆಗೆಸಿಕೊಂಡ ಮೇಲೆ ಪ್ರವಾಸ ಮುಗಿಯಿತೆಂದು ಹಿಂದಿರುಗಿದರು. ನಾವು ನಾಲ್ವರು ಮಾತ್ರ ಮಾರ್ಗದರ್ಶಿಯೊಡನೆ ಹೊಳೆಗೆ ಇಳಿದೆವು. ಮುಂದಿನ ವರ್ಷ ಹೋಗುವ ಮಿತ್ರರು ರಥಕ್ಕೇ ನಿಲ್ಲದೆ ಆ ದಂಡೆಯವರೆಗೂ ನಡೆಯಬೇಕೆಂದು ಕೇಳಿಕೊಳ್ಳುತ್ತೇನೆ.

ಏಕೆಂದರೆ ಅಲ್ಲಿ ನನಗೆ ನನ್ನ ಮನೆಯ ಸುದ್ದಿ ದೊರೆಯಿತು. 1520ರ ಸುಮಾರಿಗೆ ಬಂದ ಪಾಯೆಸ್ ಎಂಬ ಪೋರ್ಚುಗೀಸನು ಆನೆಗೊಂದಿಗೆ ದಾಟುವ ದೋಣಿಗಳನ್ನು ವರ್ಣಿಸಿದ್ದಾನೆಂದು ಮಾರ್ಗದರ್ಶಿ ಹೇಳಿದರು. ಬುಟ್ಟಿಯಂತೆ ದುಂಡು, ಒಳಗೆ ಬೆತ್ತ, ಹೊರಗೆ ಚರ್ಮ. ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ. ಬೇಕಾದರೆ ಕುದುರೆ, ಎತ್ತುಗಳನ್ನೂ ದಾಟಿಸಬಹುದು. ನೇರವಾಗಿ ಹೋಗಲಾರದೆ ಸದಾ ತಿರುಗುತ್ತವೆ ಎಂಬುದು ಅವನು ಬರೆದುದರ ಸಾರ. ಅದು ನಮ್ಮ ಹರಿಗೋಲೇ! ಸಿರುಗುಪ್ಪದ ಕಡೆಯ ಹೊಳೆಸಾಲಿನ ಹಳ್ಳಿ ನಮ್ಮದು. ನಮ್ಮಜ್ಜ ನಲವತ್ತು ವರ್ಷ ಹರಿಗೋಲು ಹಾಕಿದವನು. ಸೇತುವೆ, ಬಸ್ಸುಗಳು ಬಂದ ಮೇಲೆ ದಾಟುವವರು ಇಲ್ಲವಾದರು. ಅವನ ಹರಿಗೋಲು ಹಿತ್ತಲ ಬೇವಿನ ಕೆಳಗೆ ಬೋರಲು ಬಿದ್ದಿದೆ. ಒಲೆಗಾದರೂ ಆಗಲಿ ಎಂದು ಅಜ್ಜನೇ ಎಷ್ಟೋ ಸಲ ಹೇಳಿದ್ದುಂಟು.

ಅರಸರ ಹೆಸರು ಶಾಸನಗಳಲ್ಲಿದೆ. ಕುದುರೆ ಮಾರಿದವರ ರೂಪ ದಿಬ್ಬದ ಕಲ್ಲಿನಲ್ಲಿದೆ. ಹೊಳೆ ದಾಟಿಸಿದವರ ಗುರುತನ್ನು ಆ ದಿನ ನಾನು ಯಾವ ಗೋಡೆಯ ಮೇಲೂ ಕಾಣಲಿಲ್ಲ. ಕಡಲು ದಾಟಿ ಬಂದ ಪರದೇಶಿಯೊಬ್ಬ ನಾಲ್ಕು ಸಾಲು ಬರೆಯದಿದ್ದರೆ ನಮ್ಮ ಮಾರ್ಗದರ್ಶಿಗೂ ಹೇಳಲು ಏನಿರುತ್ತಿತ್ತು?

ಆ ವಾರ ಊರಿಗೆ ಹೋದಾಗ ಅಜ್ಜನಿಗೆ ಇದನ್ನೆಲ್ಲ ವಿವರಿಸಿದೆ. ಕುದುರೆ, ಕಡಲು, ಬಾಲದ ಬೆಲೆ ಎಲ್ಲವನ್ನೂ ಸುಮ್ಮನೆ ಕೇಳಿದ. ಹರಿಗೋಲು ತಿರುಗುತ್ತದೆಂದು ಬರೆದಿರುವುದನ್ನು ಹೇಳಿದಾಗ ಮಾತ್ರ ತಲೆಯೆತ್ತಿ, "ತಿರುಗದೆ ಏನು ಮಾಡೀತು? ತಿರುಗುತ್ತಲೇ ದಡ ಮುಟ್ಟಿಸಬೇಕು. ಅದೇ ಕಸುಬು" ಎಂದ. ಸ್ವಲ್ಪ ಹೊತ್ತು ತಡೆದು, "ಐನೂರು ವರ್ಷದ ಹಿಂದೆ ಅಂದೆಯಲ್ಲ? ಆ ಪುಣ್ಯಾತ್ಮ ದಾಟಿದ ಕೂಲಿ ಕೊಟ್ಟನೋ ಇಲ್ಲವೋ?" ಎಂದು ಕೇಳಿದ.

ಮರುದಿನ ಬೆಳಗ್ಗೆ ಅಪ್ಪ ಸಿರುಗುಪ್ಪಕ್ಕೆ ಹೊರಟಾಗ, ಬರುವಾಗ ಒಂದು ಡಬ್ಬಿ ಡಾಂಬರು ತರಬೇಕೆಂದು ಅಜ್ಜ ಹೇಳಿ ಕಳಿಸಿದ.