ಅಪ್ಪನ ಮಳೆ ಪುಸ್ತಕದಲ್ಲಿ ತೊಂಬತ್ತರ ದಶಕ

ಕಾವೇರಿ ಸಂಕ್ರಮಣಕ್ಕೆಂದು ಕಳೆದ ವರ್ಷ ಅಮ್ಮತ್ತಿಗೆ ಹೋಗಿದ್ದೆವು. ಪದವಿ ತರಗತಿಯಲ್ಲಿ ಇತಿಹಾಸ ಓದುತ್ತಿರುವ ಮಗಳು ಜೊತೆಯಲ್ಲಿ ಹೋಂವರ್ಕ್ ತಂದಿದ್ದಳು. ಅದಕ್ಕೆ ಈಗ ಪ್ರಾಜೆಕ್ಟ್ ಎಂಬ ದೊಡ್ಡ ಹೆಸರು. ಕಳೆದ ಶತಮಾನದ ಯಾವುದಾದರೂ ಒಂದು ದಶಕವನ್ನು ಆರಿಸಿಕೊಂಡು ಇಪ್ಪತ್ತು ಪುಟ ಬರೆಯಬೇಕಂತೆ. ಅವಳು ಆರಿಸಿಕೊಂಡದ್ದು ತೊಂಬತ್ತರ ದಶಕ. ಯಾಕೆ ಎಂದರೆ, "ಅದರ ಮೇಲೆ ಒಂದು ಟೀವಿ ಸೀರೀಸ್ ಇದೆ ಅಮ್ಮ, ಓದೋದು ಕಡಿಮೆ" ಎಂದಳು. ಪ್ರಾಮಾಣಿಕ ಉತ್ತರ, ಬಯ್ಯಲು ಮನಸ್ಸಾಗಲಿಲ್ಲ.

ಆ ಸರಣಿಯ ಹೆಸರು 'ದಿ ನೈಂಟೀಸ್'. ಅಮೆರಿಕದ ಸಿಎನ್‌ಎನ್ ವಾಹಿನಿ 2017ರಲ್ಲಿ ಪ್ರಸಾರ ಮಾಡಿದ್ದು. ನಟ ಟಾಮ್ ಹ್ಯಾಂಕ್ಸ್ ಅದರ ನಿರ್ಮಾಪಕರಲ್ಲಿ ಒಬ್ಬರು. 2014ರಲ್ಲಿ ಅರವತ್ತರ ದಶಕದಿಂದ ಶುರು ಮಾಡಿ, ವರ್ಷಕ್ಕೊಂದರಂತೆ ಎಪ್ಪತ್ತು, ಎಂಬತ್ತು, ತೊಂಬತ್ತು ಎಂದು ಒಂದೊಂದೇ ದಶಕವನ್ನು ಅವರು ಮುಗಿಸುತ್ತ ಬಂದರು. ನಮ್ಮ ದೂರದರ್ಶನ 1988ರಲ್ಲಿ ಶ್ಯಾಮ್ ಬೆನಗಲ್ ಅವರ 'ಭಾರತ್ ಏಕ್ ಖೋಜ್' ತೋರಿಸಿದಾಗ ಐದು ಸಾವಿರ ವರ್ಷಗಳನ್ನು 53 ಕಂತುಗಳಲ್ಲಿ ಮುಗಿಸಿತ್ತು. ಇವರಿಗೆ ಹತ್ತು ವರ್ಷಕ್ಕೆ ಏಳು ಕಂತು! ಇರಲಿ, ಅವರವರ ಇತಿಹಾಸ ಅವರವರಿಗೆ ಉದ್ದ.

ಊಟವಾದ ಮೇಲೆ ಮೂವರೂ ಟೀವಿ ಮುಂದೆ ಕೂತೆವು. ಮೂರನೆಯವರು ನಮ್ಮ ಅಪ್ಪ. ಎಂಬತ್ತು ದಾಟಿದ್ದಾರೆ. ಇಂಗ್ಲಿಷ್ ಅರ್ಥವಾಗುತ್ತದೆ, ಅಮೆರಿಕದವರ ಇಂಗ್ಲಿಷ್ ಅರ್ಥವಾಗುವುದಿಲ್ಲ. ಹಿಂದಿನ ದಶಕ ಗೊತ್ತಿಲ್ಲದೆ ಇದು ತಿಳಿಯುವುದಿಲ್ಲ ಎಂದು ನಾನು ಮೊದಲು ಎಂಬತ್ತರ ದಶಕದ ಸರಣಿಯಲ್ಲಿ ಬರ್ಲಿನ್ ಗೋಡೆಯ ಕಂತು ಹಾಕಿಸಿದೆ. ಪರದೆಯ ಮೇಲೆ ಗೋರ್ಬಚೆವ್ ಕಾಣಿಸಿಕೊಂಡದ್ದೇ ತಡ, ಅಪ್ಪ ಕುರ್ಚಿಯಲ್ಲಿ ನೆಟ್ಟಗೆ ಕೂತರು.

"ಈ ಮನುಷ್ಯನ ಕಡೆಯವರು ನಮ್ಮ ಕಾಫಿ ಕುಡೀತಿದ್ದರು. ಇವನು ಇಳಿದ, ಕುಡಿಯೋರು ಇಲ್ಲದ ಹಾಗಾಯ್ತು."

ಮಗಳು ನಕ್ಕಳು. ಅಪ್ಪ ತಮಾಷೆ ಮಾಡಿರಲಿಲ್ಲ.

ಅಮ್ಮತ್ತಿಯನ್ನು ನೋಡದವರಿಗೆ ಒಂದು ಮಾತು. ಸಿದ್ದಾಪುರದಿಂದ ವಿರಾಜಪೇಟೆಗೆ ಹೋಗುವ ದಾರಿಯಲ್ಲಿ ಸಿಗುವ ಸಣ್ಣ ಊರು. ಸುತ್ತಲೂ ಕಾಫಿ, ಅದರ ನೆರಳಿಗೆ ಸಿಲ್ವರ್ ಓಕ್, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ನಮ್ಮದು ಕೆಲವೇ ಎಕರೆ, ಹೆಚ್ಚಿನದು ರೋಬಸ್ಟಾ. ಆ ಕಾಲದಲ್ಲಿ ಬೆಳೆದ ಕಾಫಿಯನ್ನು ನಮಗೆ ಬೇಕಾದವರಿಗೆ ಮಾರುವ ಹಾಗಿರಲಿಲ್ಲ. ಕಾಫಿ ಬೋರ್ಡಿನ 'ಪೂಲ್'ಗೆ ಕೊಡಬೇಕು; ಬೋರ್ಡು ಹರಾಜು ಹಾಕಿ, ಬಂದದ್ದನ್ನು ಲೆಕ್ಕ ಮಾಡಿ ಕಂತು ಕಂತಾಗಿ ಕೊಡಬೇಕು. ಎರಡನೆಯ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿಹೋದಾಗ ಬೆಳೆಗಾರರನ್ನು ಉಳಿಸಲು ಮಾಡಿದ ಏರ್ಪಾಟು ಅದು. 1942ರ ಕಾಫಿ ಕಾಯಿದೆಯ ಬಲದಿಂದ ಅರ್ಧ ಶತಮಾನ ನಡೆಯಿತು. ಮನೆಯಲ್ಲಿ ಏನೇ ಕೇಳಿದರೂ ಅಮ್ಮ ಹೇಳುತ್ತಿದ್ದದ್ದು, "ಪೂಲಿನ ದುಡ್ಡು ಬರಲಿ." ನನ್ನ ಬಾಲ್ಯವೆಲ್ಲ ಆ ದುಡ್ಡನ್ನು ಕಾಯುವುದರಲ್ಲೇ ಕಳೆಯಿತೆನ್ನಬಹುದು.

ನಮ್ಮ ಕಾಫಿಗೆ ಅತಿ ದೊಡ್ಡ ಗಿರಾಕಿ ಸೋವಿಯತ್ ಒಕ್ಕೂಟ. ವ್ಯವಹಾರ ರೂಪಾಯಿಯಲ್ಲೇ. 1989ರ ಜುಲೈಯಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಮುರಿದುಬಿದ್ದು ಜಗತ್ತಿನಲ್ಲೆಲ್ಲ ಬೆಲೆ ಕುಸಿಯಿತು. ಬರ್ಲಿನ್ ಗೋಡೆ ಬೀಳುವುದಕ್ಕೆ ನಾಲ್ಕು ತಿಂಗಳು ಮೊದಲು ಬಿದ್ದ ಈ ಗೋಡೆಯ ಚಿತ್ರವನ್ನು ಯಾವ ಟೀವಿಯವರೂ ತೆಗೆದಿಟ್ಟಿಲ್ಲ. ಎರಡು ವರ್ಷ ಕಳೆದು 1991ರ ಡಿಸೆಂಬರಿನಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಅಪ್ಪನ ಮಾತಿನ ಹಿಂದೆ ಇದ್ದದ್ದು ಇಷ್ಟು.

ಮುಂದಿನ ಎರಡು ರಾತ್ರಿ 'ದಿ ನೈಂಟೀಸ್' ನಡೆಯಿತು. ಚೆನ್ನಾಗಿಯೇ ಮಾಡಿದ್ದಾರೆ. ಮೊದಲ ಕಂತು ಟೀವಿಯ ಬಗ್ಗೆಯೇ. ಆಮೇಲೆ ಕ್ಲಿಂಟನ್, ಕೊಲ್ಲಿ ಯುದ್ಧ, ಬೋಸ್ನಿಯಾ, ರುವಾಂಡ, ಹಾಡುಗಾರರು. ಹಳೆಯ ಸುದ್ದಿಚಿತ್ರದ ತುಣುಕು, ಅದರ ಮೇಲೆ ಒಬ್ಬರ ಮಾತು, ಮತ್ತೆ ತುಣುಕು. ನೋಡುತ್ತ ನೋಡುತ್ತ ನನಗೆ ಒಂದು ವಿಷಯ ಹೊಳೆಯಿತು. ಇಂಥ ಸರಣಿಗಳಲ್ಲಿ ಬರುವ ದಶಕ ಎಂದರೆ ಯಾರೋ ಕ್ಯಾಮೆರಾ ಹಿಡಿದು ನಿಂತಿದ್ದ ಜಾಗಗಳ ಪಟ್ಟಿ. ಕ್ಯಾಮೆರಾ ಇಲ್ಲದ ಕಡೆ ಕಾಲವೇ ನಡೆಯಲಿಲ್ಲವೇನೋ ಎಂಬಂತಿರುತ್ತದೆ. ನಮ್ಮವರೂ 2013ರಲ್ಲಿ ಶೇಖರ್ ಕಪೂರ್ ನಿರೂಪಣೆಯಲ್ಲಿ 'ಪ್ರಧಾನಮಂತ್ರಿ' ಎಂಬ ಸರಣಿ ಮಾಡಿದರು. ಅಲ್ಲಿ ನಮ್ಮ ದೇಶ ಇದೆ ನಿಜ. ಆದರೆ ಅದೂ ದಿಲ್ಲಿಯ ತೊಂಬತ್ತರ ದಶಕ.

"ಅಮ್ಮತ್ತಿಯಲ್ಲಿ ಆಗ ಏನಾಗಿತ್ತು?" ಎಂದು ಮಗಳು ಕೇಳಿದಳು. ಅಪ್ಪ ಎದ್ದುಹೋಗಿ ಅಲಮಾರಿನಿಂದ ಮಳೆ ಪುಸ್ತಕ ತಂದರು.

ಕೊಡಗಿನ ಬೆಳೆಗಾರರ ಮನೆಗಳಲ್ಲಿ ಇದು ಮಾಮೂಲು. ಅಂಗಳದಲ್ಲಿ ಮಳೆಮಾಪಕ ಇರುತ್ತದೆ. ದಿನಾ ಬೆಳಿಗ್ಗೆ ಅಳೆದು ಇಂಚು, ಸೆಂಟ್ ಲೆಕ್ಕದಲ್ಲಿ ಬರೆದಿಡಬೇಕು. ನೂರು ಸೆಂಟಿಗೆ ಒಂದು ಇಂಚು. ಸರ್ಕಾರ ಎಲ್ಲ ಅಳತೆಯನ್ನು ಮಿಲಿಮೀಟರಿಗೆ ಬದಲಾಯಿಸಿತು, ನಮ್ಮ ಮಳೆ ಬದಲಾಗಲಿಲ್ಲ. ಹೂಮಳೆ ಎಂದು ಬಂತು, ಅದಾದ ಮೇಲಿನ ಬ್ಯಾಕಿಂಗ್ ಮಳೆ ಎಷ್ಟು ದಿನಕ್ಕೆ ಬಂತು ಎಂಬುದರ ಮೇಲೆ ಇಡೀ ವರ್ಷದ ಜೀವನ ನಿಂತಿರುತ್ತದೆ. ಅಪ್ಪ ಅಂಕಿಗಳ ಪಕ್ಕದಲ್ಲಿ ಒಂದೊಂದು ಸಾಲು ಬರೆಯುವ ಅಭ್ಯಾಸ ಇಟ್ಟುಕೊಂಡಿದ್ದರು. "1993 ಮೇ 15: ಫೀಲ್ಡ್ ಮಾರ್ಷಲ್ ತೀರಿಕೊಂಡರು." ಕಾರ್ಯಪ್ಪನವರ ಹೆಸರು ಬರೆದಿಲ್ಲ, ಕೊಡಗಿನಲ್ಲಿ ಬರೆಯಬೇಕಾಗಿಯೂ ಇಲ್ಲ. 1997ರ ಪುಟದಲ್ಲಿ "ಕರಡದಲ್ಲಿ ಹಾಕಿ, 60 ಕುಟುಂಬ" ಎಂದಿದೆ. ಪಾಂಡಂಡ ಕುಟ್ಟಪ್ಪನವರು ಶುರುಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬ ಅದು. ಮುಂದೆ ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ಆಡುವಷ್ಟು ಬೆಳೆಯಿತು. "ಟೀವಿಗೆ ಸಿಡಿಲು" ಎಂಬ ಸಾಲು ಮೂರು ಕಡೆ ಸಿಕ್ಕಿತು.

1994ರ ಜುಲೈ ಪುಟದಲ್ಲಿ ಮಳೆಯ ಅಂಕಿಗಳ ನಡುವೆ ಎರಡೇ ಶಬ್ದ: "ಬ್ರೆಜಿಲ್. ಹಿಮ."

ಆ ವರ್ಷ ನಾನು ಪಿಯುಸಿ ಮುಗಿಸಿದ್ದೆ. ಅಂಕ ಚೆನ್ನಾಗಿಯೇ ಬಂದಿತ್ತು. ಆದರೆ ಅಣ್ಣ ಇಂಜಿನಿಯರಿಂಗ್ ಓದುತ್ತಿದ್ದ. ಇಬ್ಬರನ್ನು ಓದಿಸುವಷ್ಟು ಕಾಫಿ ಗಿಟ್ಟುತ್ತಿರಲಿಲ್ಲ. ಯಾರೂ ಜಗಳವಾಡಲಿಲ್ಲ, ಯಾರೂ ಬೇಡವೆನ್ನಲಿಲ್ಲ. ವಿರಾಜಪೇಟೆಯಲ್ಲಿ ಟೈಪಿಂಗ್ ಕ್ಲಾಸಿಗೆ ಸೇರುವುದು ಎಂದು ತಾನಾಗಿಯೇ ತೀರ್ಮಾನವಾಗಿಹೋಗಿತ್ತು. ಹೆಣ್ಣುಮಕ್ಕಳ ವಿಷಯದ ತೀರ್ಮಾನಗಳು ಹಾಗೆ ತಾನಾಗಿಯೇ ಆಗುತ್ತಿದ್ದವು.

ಜೂನ್ ಕೊನೆಯಲ್ಲಿ ಬ್ರೆಜಿಲ್‌ನ ಕಾಫಿ ಸೀಮೆಯಲ್ಲಿ ಹಿಮ ಬಿತ್ತು. ಜುಲೈ ಎರಡನೆಯ ವಾರ ಮತ್ತೊಮ್ಮೆ ಬಿತ್ತು. ಭೂಮಧ್ಯರೇಖೆಯ ದಕ್ಷಿಣದಲ್ಲಿ ಆಗ ಚಳಿಗಾಲ ಎಂದು ಭೂಗೋಳದಲ್ಲಿ ಓದಿದ್ದೆ. ಅದರಿಂದ ನನಗೇನು ಲಾಭ ಎಂದು ತಿಳಿದಿರಲಿಲ್ಲ. ಜಗತ್ತಿನಲ್ಲೇ ಹೆಚ್ಚು ಕಾಫಿ ಬೆಳೆಯುವ ದೇಶದ ಗಿಡಗಳು ಸುಟ್ಟುಹೋದವು. ಆ ವರ್ಷದ ಆರಂಭದಲ್ಲಿ ನ್ಯೂಯಾರ್ಕಿನಲ್ಲಿ ಪೌಂಡಿಗೆ 80 ಸೆಂಟ್ ಕೂಡ ಇಲ್ಲದ ದರ ಕೆಲವೇ ತಿಂಗಳಲ್ಲಿ ಮೂರು ಪಟ್ಟಾಯಿತು. ಅಷ್ಟು ಹೊತ್ತಿಗೆ ನಮ್ಮಲ್ಲೂ ಪೂಲಿನ ಕಟ್ಟು ಸಡಿಲವಾಗತೊಡಗಿತ್ತು. ಬೆಳೆಯ ಒಂದು ಪಾಲನ್ನು ನಾವೇ ಮಾರಬಹುದಿತ್ತು. (1996ರಲ್ಲಿ ಪೂಲ್ ಪೂರ್ತಿ ಹೋಯಿತು.) ಬೆಲೆ ಸಾಲದೆಂದು ಅಪ್ಪ ಆ ಪಾಲಿನ ಚೆರ್ರಿ ಚೀಲಗಳನ್ನು ಮಾರದೆ ಗೋದಾಮಿನಲ್ಲೇ ಇಟ್ಟಿದ್ದರು. ದೂರದೃಷ್ಟಿಯಲ್ಲ, ಬರೀ ಹಟ. ವ್ಯಾಪಾರಿಯೇ ಮಳೆಯಲ್ಲಿ ಜೀಪು ತೆಗೆದುಕೊಂಡು ಮನೆಗೆ ಬಂದ.

ಜುಲೈ ಕೊನೆಗೆ ಗೋಣಿಕೊಪ್ಪಲು, ತಿತಿಮತಿ, ಹುಣಸೂರು ದಾಟಿಕೊಂಡು ಬಸ್ಸಿನಲ್ಲಿ ಮೈಸೂರಿಗೆ ಹೋದೆ. ಕಾಲೇಜಿನಲ್ಲಿ ಪ್ರವೇಶ ಮುಗಿಯುವುದಕ್ಕೆ ಎರಡು ದಿನ ಉಳಿದಿತ್ತು. ಓದಿದೆ, ಮೇಷ್ಟ್ರಾದೆ. 2001ರ ಹೊತ್ತಿಗೆ ವಿಯೆಟ್ನಾಂ ಕಾಫಿ ಜಗತ್ತನ್ನೆಲ್ಲ ತುಂಬಿ, ನ್ಯೂಯಾರ್ಕ್ ದರ 50 ಸೆಂಟ್‌ಗಿಂತ ಕೆಳಗಿಳಿದು, ಅಮ್ಮತ್ತಿಯಲ್ಲಿ ಕೊಯ್ಲಿನ ಕೂಲಿಯೂ ಹುಟ್ಟದಿದ್ದಾಗ ತಿಂಗಳು ತಿಂಗಳು ಮನೆಗೆ ಹಣ ಕಳಿಸಿದವಳು ನಾನು. ಬ್ರೆಜಿಲ್‌ನಲ್ಲಿ ಹಿಮ ಬೀಳದಿದ್ದರೆ ಈ ಲೇಖನವನ್ನು ಬೇರೆ ಯಾರಾದರೂ ಬರೆಯಬೇಕಿತ್ತು.

ಈ ಕಥೆಯನ್ನು ನಾನು ಎಷ್ಟೋ ಸಲ ತರಗತಿಯಲ್ಲಿ ಹೇಳಿದ್ದೇನೆ. ಮಕ್ಕಳಿಗೆ ಇಷ್ಟವಾಗುತ್ತದೆ. ನನ್ನ ಮಗಳು ಮಾತ್ರ ಇನ್ನೊಂದು ಪುಟ ತಿರುಗಿಸಿದಳು.

"ಲೈನಿನ ಹುಡುಗಿ ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸ್" ಎಂದಿತ್ತು, 1992ರ ಮೇ ತಿಂಗಳಲ್ಲಿ. "ಇವರು ಯಾರು?"

ನನ್ನ ಗೆಳತಿ. ನಮ್ಮ ತೋಟದ ಲೈನ್‌ಮನೆಯವಳು. ಅವಳ ಅಪ್ಪ ಅಮ್ಮ ಪಿರಿಯಾಪಟ್ಟಣದ ಕಡೆಯಿಂದ ಕೆಲಸಕ್ಕೆ ಬಂದವರು. ಒಂದನೆಯ ತರಗತಿಯಿಂದ ಹತ್ತರವರೆಗೆ ಇಬ್ಬರೂ ಒಂದೇ ಛತ್ರಿಯಲ್ಲಿ ಶಾಲೆಗೆ ಹೋದೆವು. ಗಣಿತದಲ್ಲಿ ನನಗಿಂತ ಯಾವಾಗಲೂ ಮುಂದು. ಭಾನುವಾರ ಬೆಳಿಗ್ಗೆ 'ಮಹಾಭಾರತ' ನೋಡಲು ಲೈನಿನವರೆಲ್ಲ ನಮ್ಮ ಮನೆಗೆ ಬರುತ್ತಿದ್ದರು. ನಾವು ಕುರ್ಚಿಯಲ್ಲಿ, ಅವರು ಜಗುಲಿಯಲ್ಲಿ, ಬಾಗಿಲ ಆಚೆ. ಅವಳೂ ಬಾಗಿಲ ಆಚೆ. ಹತ್ತನೆಯ ತರಗತಿ ಮುಗಿದ ಮೇಲೆ ಅವಳು ಕೆಲಸಕ್ಕೆ ಸೇರಿದಳು. ಬ್ರೆಜಿಲ್‌ನ ಹಿಮದ ಮುಂದಿನ ಕೊಯ್ಲಿನಲ್ಲಿ ನಾನು ಮೈಸೂರಿನಲ್ಲಿದ್ದೆ, ಅವಳು ನಮ್ಮ ತೋಟದಲ್ಲಿ ಹಣ್ಣು ಬಿಡಿಸುತ್ತಿದ್ದಳು. ಕೂಲಿ ಏರಲಿಲ್ಲವೆಂದಲ್ಲ, ಕಾಫಿ ಏರಿದ ಹಾಗೆ ಏರಲಿಲ್ಲ.

"ತಾತ, ಆ ವರ್ಷ ಅಷ್ಟು ದುಡ್ಡು ಬಂತಲ್ಲ. ಅವರನ್ನೂ ಓದಿಸಬಹುದಿತ್ತಲ್ವಾ?"

ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. "ಆಗ ಯಾರೂ ಕೇಳಲಿಲ್ಲ ಮಗಳೇ" ಎಂದರು.

ಅದು ನಿಜ. ನಾನೂ ಕೇಳಿರಲಿಲ್ಲ. ಕೇಳಬೇಕೆಂದು ಅನ್ನಿಸಿಯೂ ಇರಲಿಲ್ಲ. ನನ್ನ ಓದನ್ನು ಬ್ರೆಜಿಲ್‌ಗೆ ಜೋಡಿಸಿ ಇಪ್ಪತ್ತು ವರ್ಷ ಪಾಠ ಮಾಡಿದ ನನಗೆ ಐವತ್ತು ಮಾರು ದೂರದ ಲೈನ್‌ಮನೆಗೆ ಜೋಡಿಸಲು ಮಗಳೇ ಹೇಳಬೇಕಾಯಿತು.

ಮಾರನೆಯ ದಿನ ಅವಳು ಮೊಬೈಲು ಹಿಡಿದುಕೊಂಡು ನನ್ನ ಗೆಳತಿಯ ಮನೆಗೆ ಹೋದಳು. ನಾನೂ ಹೋದೆ, ಸ್ವಲ್ಪ ಹಿಂಜರಿಯುತ್ತಲೇ. ಗೆಳತಿ ಈಗ ಅಮ್ಮತ್ತಿಯಲ್ಲೇ ಸ್ವಂತ ಮನೆ ಮಾಡಿಕೊಂಡಿದ್ದಾಳೆ. ನನ್ನನ್ನು ಈಗಲೂ "ಅಕ್ಕಾ" ಎನ್ನುತ್ತಾಳೆ, ಇಬ್ಬರಿಗೂ ಒಂದೇ ವಯಸ್ಸಾದರೂ. ತೊಂಬತ್ತರ ದಶಕದಲ್ಲಿ ಏನೇನಾಯಿತು ಹೇಳಿ ಆಂಟಿ ಎಂದು ಮಗಳು ಕೇಳಿದರೆ, "ದಶಕ ಗಿಶಕ ನಮಗೇನು ಗೊತ್ತು ಪುಟ್ಟ" ಎಂದು ನಕ್ಕಳು. ಆಮೇಲೆ ಒಂದು ಗಂಟೆ ಮಾತಾಡಿದಳು. ಓದು ಬಿಟ್ಟದ್ದರ ಬಗ್ಗೆ ನಾವು ಕೇಳಲಿಲ್ಲ, ಅವಳೇ ಹೇಳಿದಳು. ಕಾಫಿ ಚೀಲದ ತೂಕ ಬರೆಯುವಾಗ ರೈಟರು ಕೂಡಿಸುವುದಕ್ಕೆ ಮೊದಲೇ ತನ್ನ ಬಾಯಲ್ಲಿ ಮೊತ್ತ ಬಂದುಬಿಡುತ್ತಿತ್ತಂತೆ. ಅವನಿಗೆ ಕೋಪ ಬರುತ್ತಿತ್ತಂತೆ.

ಹೊರಡುವಾಗ ಕೇಳಿದಳು: "ಅಕ್ಕಾ, ಅಪ್ಪಾಜಿ ಹತ್ರ ಮಳೆ ಪುಸ್ತಕ ಇನ್ನೂ ಇದೆಯಾ? ದೊಡ್ಡವಳು ಹುಟ್ಟಿದ ರಾತ್ರಿ ಲೈನಿನ ಮೇಲೆ ಮರ ಬಿದ್ದಿತ್ತು. ತಾರೀಖು ಬರೆದಿಟ್ಟಿರಬಹುದು ಅಂತ."

ಅವಳ ದೊಡ್ಡ ಮಗಳಿಗೆ ಶಾಲೆಯಲ್ಲಿ ಹುಟ್ಟಿದ ದಿನ ಜೂನ್ 1 ಎಂದು ಬರೆದಿದ್ದಾರೆ. ತಾರೀಖು ಗೊತ್ತಿಲ್ಲದ ಮಕ್ಕಳೆಲ್ಲ ನಮ್ಮ ಶಾಲೆಗಳಲ್ಲಿ ಜೂನ್ 1ರಂದೇ ಹುಟ್ಟುತ್ತಿದ್ದರು.

ರಾತ್ರಿ ಹುಡುಕಿದೆವು. 1995ರಲ್ಲಿ ಇರಲಿಲ್ಲ. 1996ರ ಜುಲೈಯಲ್ಲಿ ಸಿಕ್ಕಿತು. "ರಾತ್ರಿ ಗಾಳಿ. ಲೈನ್ ಮೇಲೆ ಸಿಲ್ವರ್ ಓಕ್. ಹಂಚು ಹೋಯಿತು. ಹೆಣ್ಣು ಮಗು, ಇಬ್ಬರೂ ಕ್ಷೇಮ." ಅಪ್ಪನಿಗೆ ಅದನ್ನು ಬರೆದದ್ದು ನೆನಪಿರಲಿಲ್ಲ. ಮಗಳು ಆ ಪುಟದ ಫೋಟೋ ತೆಗೆದು ಗೆಳತಿಯ ಮೊಬೈಲಿಗೆ ಕಳಿಸಿದಳು. ಉತ್ತರ ಬಂದದ್ದು ಮೈಸೂರಿನಲ್ಲಿ ಕೆಲಸ ಮಾಡುವ ಆ ಹುಡುಗಿಯಿಂದಲೇ. ಆ ದಿನ ಎಷ್ಟು ಇಂಚು ಮಳೆ ಬಿದ್ದಿತ್ತು, ಫೋಟೋದಲ್ಲಿ ಅಂಕಿ ಸರಿಯಾಗಿ ಕಾಣಿಸುತ್ತಿಲ್ಲ, ಇನ್ನೊಂದು ಸಲ ತೆಗೆದು ಕಳಿಸುತ್ತೀರಾ ಎಂದು ಕೇಳಿದ್ದಳು.