ಗುಂಡ್ಯಾ ತಿಂದ ಎಲುಬು

ಮೊದಲೇ ಹೇಳಿಬಿಡ್ತೀನಿ, ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಒತ್ತಕ್ಷರದ ತಪ್ಪುಗಳನ್ನು ಕ್ಲಬ್ಬಿನವರು ತಿದ್ದಿರ್ತಾರೆ. ಆದರೆ ಇಲ್ಲಿ ಹೇಳೋ ತಪ್ಪು ನನ್ನದೇ.

ನಮ್ಮ ಮನೆ ಇಳಕಲ್‌ನಲ್ಲಿ. ಗುಂಡ್ಯಾ ನಮ್ಮ ಪಮೇರಿಯನ್, ತೂಕ ಬರೀ 5 ಕೆಜಿ. ಫಸ್ಟ್ ಸೆಮ್ ಪರೀಕ್ಷೆ ಮುಗಿಸಿ ಬಾಗಲಕೋಟೆಯಿಂದ ಹುನಗುಂದದ ಮೇಲೆ ಬಸ್ಸು ಹಿಡಿದು ಊರಿಗೆ ಹೋದಾಗ ಅವ್ವ ಕೋಳಿ ಸಾರು ಮಾಡಿದ್ದಳು. ಊಟ ಆದ ಮೇಲೆ ತಾಟಿನಲ್ಲಿದ್ದ ಎಲುಬುಗಳನ್ನೆಲ್ಲ ಗುಂಡ್ಯಾಗೆ ಹಾಕಿದೆ. ಅದೂ ತೊಳೆದು! ಉಳ್ಳಾಗಡ್ಡಿ, ಬೆಳ್ಳುಳ್ಳಿ ನಾಯಿಗೆ ವಿಷ ಅಂತ ಗೊತ್ತಿತ್ತು. ನಾನು ಭಾಳ ಶಾಣ್ಯಾ ಅಂದುಕೊಂಡಿದ್ದೆ.

ಮರುದಿನ ಅವನು ಊಟ ಬಿಟ್ಟ. ಅದರ ಮರುದಿನ ಬೆನ್ನು ಬಾಗಿಸಿ ಕೂತು ತಿಣುಕಿದ. ಬಂದಿದ್ದು ಎರಡು ಹನಿ ರಕ್ತ. ಆಯಿ ಅವನ ಹಣೆಗೆ ಭಂಡಾರ ಹಚ್ಚಿ ಸುಮ್ಮನೆ ಕೂತಳು. ನಾನು, ಅಪ್ಪ ಅವನನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಾಗಲಕೋಟೆಗೆ ಬಂದೆವು. ದಾರಿಯುದ್ದಕ್ಕೂ ನನ್ನ ತೊಡೆ ಮೇಲೆ ನಡುಗುತ್ತಿದ್ದ. ಎಕ್ಸ್‌ರೇಯಲ್ಲಿ ಕರುಳಿನ ಕೊನೆಗೆ ಸೂಜಿಯಂಥ ಚೂರುಗಳು ಕಂಡವು.

"ಬೇಯಿಸಿದ ಎಲುಬು ಹಾಕೀರಿ, ಹೌದಿಲ್ಲೋ?" ಅಂದರು ಡಾಕ್ಟರು. ಅಪ್ಪ ನನ್ನ ಮುಖ ನೋಡಿದರು.

ಎಲುಬು ಅಂದರೆ ಒಂದು ಕಾಂಪೋಸಿಟ್. ಕ್ಯಾಲ್ಸಿಯಂ ಫಾಸ್ಫೇಟಿನ ಖನಿಜ ಅದಕ್ಕೆ ಗಟ್ಟಿತನ ಕೊಡುತ್ತೆ, ಕೊಲಾಜೆನ್ ಎಂಬ ಪ್ರೋಟೀನಿನ ನಾರು ಬಾಗೋ ಗುಣ ಕೊಡುತ್ತೆ. ಆರ್‌ಸಿಸಿಯಲ್ಲಿ ಕಾಂಕ್ರೀಟು, ಕಬ್ಬಿಣದ ಸರಳು ಇದ್ದ ಹಾಗೆ. ಕುಕ್ಕರಿನಲ್ಲಿ ಸೀಟಿ ಹೊಡೆದಷ್ಟೂ ಕೊಲಾಜೆನ್ ಜೆಲಟಿನ್ ಆಗಿ ಸಾರಿಗೆ ಇಳಿಯುತ್ತೆ. ಎಲುಬಿನಲ್ಲಿ ಉಳಿಯೋದು ಸರಳಿಲ್ಲದ ಕಾಂಕ್ರೀಟು. ಕಡಿದರೆ ಬಾಗಲ್ಲ, ಚೂಪಾಗಿ ಸೀಳುತ್ತೆ. ಡಕ್ಟೈಲ್, ಬ್ರಿಟಲ್ ವ್ಯತ್ಯಾಸವನ್ನು ನಾನು ಅದೇ ಸೆಮ್‌ನಲ್ಲಿ ಬರೆದು ಬಂದಿದ್ದೆ. ಮಾರ್ಕ್ಸೂ ಬಂತು.

ಎನಿಮಾ, ಸಲೈನು, ಎರಡು ರಾತ್ರಿ. ಗುಂಡ್ಯಾ ಉಳಿದ.

ಪೂರ್ತಿ ಹುಷಾರಾದ ಮೇಲೆ ಡಾಕ್ಟರನ್ನು ಕೇಳಿಯೇ ಹಸಿ ಎಲುಬು ಶುರು ಮಾಡಿದೆವು, ವಾರಕ್ಕೊಮ್ಮೆ ಮಾತ್ರ. ಅಂಗಡಿಯ ಚಾಚಾ ಆಗತಾನೇ ಕೊಯ್ದ ಕೋಳಿಯ ರೆಕ್ಕೆ ಕೊಡ್ತಾರೆ, ಮಾಂಸ ಅಂಟಿಕೊಂಡಿರುವಂಥದ್ದು. ತುಂಡು ಅವನ ಬಾಯಿಗಿಂತ ದೊಡ್ಡದಿರಬೇಕು, ಚಿಕ್ಕದಾದರೆ ಹಾಗೇ ನುಂಗಿಬಿಡ್ತಾನೆ. ಕುರಿ ಕಾಲಿನ ಗಟ್ಟಿ ಎಲುಬು ಬೇಡ, ಸಣ್ಣ ನಾಯಿಯ ಹಲ್ಲೇ ಒಡೆದೀತು. ತಿಂದು ಮುಗಿಸೋವರೆಗೆ ಒಬ್ಬರು ಎದುರಿಗೆ ಕೂತಿರಬೇಕು. ಬಾಯಿಂದ ಕಸಿದುಕೊಳ್ಳಬಾರದು, ಬೇರೆ ಏನಾದರೂ ತೋರಿಸಿ ಬಿಡಿಸಬೇಕು. ಎಲುಬು ಜಾಸ್ತಿಯಾದರೆ ಮಲಬದ್ಧತೆ. ನಮ್ಮ ಕಡೆ ಬೇಸಿಗೆಯಲ್ಲಿ ಹಸಿ ಮಾಂಸ ಹೊರಗಿಟ್ಟರೆ ಬೇಗ ಕೆಡುತ್ತೆ, ಉಳಿದಿದ್ದನ್ನು ಕೂಡಲೇ ಎತ್ತಬೇಕು. ಹಸಿ ಕೋಳಿಯಲ್ಲಿ ಸಾಲ್ಮೊನೆಲ್ಲಾ ಇರಬಹುದು, ಫ್ರಿಜ್ಜಿನಲ್ಲಿಟ್ಟರೂ ಅದು ಸಾಯಲ್ಲ. ಅದಕ್ಕೇ ಹಸಿಯೂ ಬೇಡ ಅನ್ನೋ ಡಾಕ್ಟರುಗಳು ಬಹಳ. ಚಿಕ್ಕ ಮಕ್ಕಳಿರೋ ಮನೆಯಲ್ಲಿ ನಾನೂ ಬೇಡ ಅಂತೀನಿ. ನಾವು ಬಟ್ಟಲು, ನೆಲ, ಕೈ ಎಲ್ಲ ಸೋಪು ಹಾಕಿ ತೊಳೀತೀವಿ.

"ಹಸೀ ಮಾಂಸ ತಿಂದ್ರ ಕಡ್ಯಾಕ ಕಲೀತೈತಿ ತಮ್ಮಾ" ಅಂತ ಆಯಿ ಇವತ್ತಿಗೂ ಅಂತಾಳೆ. ಗುಂಡ್ಯಾ ಇನ್ನೂ ಪಕ್ಕದ ಮನೆ ಬೆಕ್ಕಿಗೇ ಹೆದರ್ತಾನೆ.

ಇದನ್ನು ಬರೆಯಲು ಕಾರಣ ನಮ್ಮ ಹಾಸ್ಟೆಲ್. ಭಾನುವಾರ ಚಿಕನ್ ಇದ್ದ ದಿನ ಮೆಸ್ ಹಿಂದೆ ಮರಿಗಳು ಕಾಯ್ತಿರ್ತಾವೆ. ಹೋದ ವಾರ ನನ್ನ ಬಾದಾಮಿಯ ರೂಮ್‌ಮೇಟ್ ಪ್ರೀತಿಯಿಂದಲೇ ತಾಟು ಎತ್ತಿಕೊಂಡು ಹೊರಟ. ಕೈ ಹಿಡಿದು ನಿಲ್ಲಿಸಿದೆ. ಎಲುಬುಗಳನ್ನು ಮುಚ್ಚಳ ಇರೋ ಡಬ್ಬಿಗೆ ಹಾಕಿದೆವು, ಮರಿಗಳಿಗೆ ಬರೀ ಅನ್ನ, ಚಪಾತಿ. ಬಾಲ ಅಷ್ಟೇ ಜೋರಾಗಿ ಅಲ್ಲಾಡಿಸಿದವು. ನೀವೂ ಹಾಗೇ ಮಾಡ್ರಿ.