ಕಲ್ಲಿಗೂ ಗ್ಯಾರಂಟಿ ಇಲ್ಲ

ಅಮೆರಿಕದ ಯೂಟಾ ರಾಜ್ಯದ ಆರ್ಚಸ್ ನ್ಯಾಷನಲ್ ಪಾರ್ಕ್‌ನಲ್ಲಿ 2000ಕ್ಕೂ ಹೆಚ್ಚು ಕಲ್ಲಿನ ಕಮಾನುಗಳಿವೆ. ನಮ್ಮ ಬಾದಾಮಿ ಬಂಡೆಗಳಂಥದ್ದೇ ಕೆಂಪು ಮರಳುಗಲ್ಲು. ಸುತ್ತ ಬರೀ ಮರುಭೂಮಿ. ಮಜಾ ಏನಂದ್ರೆ, ಈ ಕಮಾನುಗಳನ್ನು ಕೊರೆದಿದ್ದು ನೀರೇ! ಬಿರುಕಿಗೆ ಇಳಿದ ನೀರು ಚಳಿಗಾಲದಲ್ಲಿ ಹೆಪ್ಪುಗಟ್ಟಿ ಹಿಗ್ಗುತ್ತದೆ, ಕಲ್ಲು ಚೂರುಚೂರಾಗಿ ಉದುರುತ್ತದೆ.

ಕ್ಯಾಂಪರ್ ವ್ಯಾನನ್ನು ಡೆವಿಲ್ಸ್ ಗಾರ್ಡನ್‌ನಲ್ಲಿ ನಿಲ್ಲಿಸಿ, ಊರಿಂದ ಬಂದಿದ್ದ ಅಪ್ಪನ ಜೊತೆ ಬೆಳಗ್ಗೆ ಬೇಗ ಹೊರಟೆ. ದಾರಿಯಲ್ಲಿ ನೆರಳು ಕಮ್ಮಿ, ನೀರು ಸಿಗಲ್ಲ. ಹೊರಡುವ ಮೊದಲೇ ತುಂಬಿಕೊಳ್ಳಬೇಕು. ಸುಮಾರು ಒಂದೂವರೆ ಕಿಲೋಮೀಟರ್ ನಡೆದರೆ ಲ್ಯಾಂಡ್‌ಸ್ಕೇಪ್ ಆರ್ಚ್ ಕಾಣುತ್ತದೆ. 300 ಅಡಿಯಷ್ಟು ಉದ್ದ, ರಿಬ್ಬನ್ನಿನಷ್ಟು ತೆಳು ಅನ್ನಿಸುವ ಕಮಾನು. 1991ರಲ್ಲಿ ಅದರಿಂದ 60 ಅಡಿಯ ಹೋಳೊಂದು ಕಳಚಿಬಿತ್ತು. ಆಮೇಲೆ ಅದರ ಕೆಳಗಿನ ದಾರಿ ಬಂದ್. ಇನ್ನೂ ಮುಂದಿದ್ದ ವಾಲ್ ಆರ್ಚ್ 2008ರ ಒಂದು ರಾತ್ರಿ ಕುಸಿದೇ ಹೋಯಿತು.

ಅಲ್ಲಿಂದಾಚೆ ಬಂಡೆ ಹತ್ತಬೇಕು. ಅಪ್ಪ ಮಂಡಿ ನೀವಿಕೊಳ್ಳುತ್ತಾ, "ನಂಗೆ ಇಷ್ಟು ಸಾಕಪ್ಪ, ನೀನು ಹೋಗಿ ಬಾ" ಅಂದರು. ಮುಂದೆ ಪ್ರಸಿದ್ಧವಾದ ಡಬಲ್ ಓ ಆರ್ಚ್ ಇತ್ತು. ನಾನು ಹೋಗಲಿಲ್ಲ. ಮಧ್ಯಾಹ್ನದವರೆಗೂ ಅವರ ಪಕ್ಕದಲ್ಲೇ ಕೂತು, ಚಪಾತಿ-ಚಟ್ನಿಪುಡಿ ತಿನ್ನುತ್ತಾ ಆ ಕಮಾನನ್ನೇ ನೋಡಿದೆ.

ಅಪ್ಪ-ಅಮ್ಮನ ಜೊತೆಗಿನ ಟ್ರಿಪ್ ಒಂದನ್ನು ನೀವೂ "ಮುಂದಿನ ವರ್ಷ" ಅಂತ ಮುಂದೂಡುತ್ತಿದ್ದೀರಾ? ಈ ವರ್ಷವೇ ರಜೆ ಹಾಕಿ.